ಎಲ್ಲರೂ ಒಂದೇ ಥರ ಬೇರೆಯಾಗಿ ಬರತಕ್ಕದ್ದು

ಬೇಸಿಗೆ ರಜೆ ಶುರುವಾಗುವ ಹೊತ್ತಿಗೆ ಕಲಬುರಗಿಯ ಒಂದು ಖಾಸಗಿ ಶಾಲೆಯಿಂದ ಪಾಲಕರಿಗೆ ಸುತ್ತೋಲೆ ಬಂತು. ವಿಷಯ: ಮಾಯಾಲೋಕ ಓದು ಶಿಬಿರ. ಮಂತ್ರ, ಮಾಯೆ, ಡ್ರ್ಯಾಗನ್ ಇರುವ ಮಕ್ಕಳ ಕಾದಂಬರಿಗಳನ್ನು ನಮ್ಮ ಮಕ್ಕಳೂ ಓದಬೇಕು. ಎಲ್ಲೂ ಹೊಂದಿಕೊಳ್ಳದ ಮಕ್ಕಳೇ ಆ ಕಥೆಗಳ ನಾಯಕರು. ಆದ್ದರಿಂದ ಶಿಬಿರದ ಕೊನೆಯ ದಿನ 'ಮಿಸ್‌ಫಿಟ್ ಡೇ' ಆಚರಿಸಲಾಗುವುದು. ಅಂದು ಎಲ್ಲ ಮಕ್ಕಳೂ ಕಡ್ಡಾಯವಾಗಿ ಕಪ್ಪು ವೆಲ್ವೆಟ್ ನಿಲುವಂಗಿ, ದುಂಡು ಕನ್ನಡಕ ಮತ್ತು ಒಂದು ಅಡಿ ಉದ್ದದ ಮಂತ್ರದಂಡದೊಂದಿಗೆ ಬರತಕ್ಕದ್ದು. ನಿಲುವಂಗಿಯನ್ನು ಶಾಲೆ ಹೇಳಿದ ಅಂಗಡಿಯಲ್ಲೇ ಕೊಳ್ಳತಕ್ಕದ್ದು. ಬೇರೆ ಬಣ್ಣದಲ್ಲಿ ಬಂದವರನ್ನು ಗೇಟಿನೊಳಗೆ ಬಿಡಲಾಗುವುದಿಲ್ಲ.

ಇದರಲ್ಲಿ ನಗುವಂಥದ್ದೇನಿದೆ ಎಂದು ಬರೆದವರಿಗೆ ಹೊಳೆದಂತಿಲ್ಲ. ಕೆಳಗೆ ಸಹಿ ಇತ್ತು, ಸೀಲೂ ಇತ್ತು.

ಏಪ್ರಿಲ್‌ನ ಕಲಬುರಗಿ ಹೇಗಿರುತ್ತೆ ಅಂತ ಗೊತ್ತಲ್ಲ. 40 ಡಿಗ್ರಿ ದಾಟಿದ ಮೇಲೆ ನಾವು ಎಣಿಸುವುದನ್ನೇ ಬಿಟ್ಟುಬಿಡುತ್ತೇವೆ. ಸರ್ಕಾರವೇ ಹೆದರಿ ನಮ್ಮ ವಿಭಾಗದ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತದೆ. ಹ್ಯಾರಿ ಪಾಟರ್ ಥರದ ಕಥೆಗಳಲ್ಲಿ ಇಂಥ ನಿಲುವಂಗಿ ತೊಡುವ ಮಕ್ಕಳು ಇರುವುದು ಚಳಿಯ ದೇಶದಲ್ಲಿ. ಕಲ್ಲಿನ ಕೋಟೆಯಲ್ಲಿ ನಡುಗುತ್ತಾ ಓಡಾಡುತ್ತಾರೆ, ಪಾಪ, ಅವರಿಗೆ ಬೇಕು. ನಮ್ಮೂರಲ್ಲೂ ಕಲ್ಲಿನ ಕೋಟೆ ಇದೆ. ಬೇಸಿಗೆಯಲ್ಲಿ ಅದು ತಂದೂರಿ ಒಲೆ. ಅದರೊಳಗೆ ವೆಲ್ವೆಟ್ ಹಾಕಿಕೊಂಡು ನಿಲ್ಲುವ ಮಗುವಿಗೆ ಮಂತ್ರದಂಡಕ್ಕಿಂತ ಮೊದಲು ಒಂದು ಲೋಟ ಮಜ್ಜಿಗೆ ಬೇಕಾಗುತ್ತೆ.

ಪುಸ್ತಕಗಳ ಕಥೆ ಇನ್ನೂ ಚೆಂದ. ಇದೇ ಶಾಲೆ ಪರೀಕ್ಷೆಯ ದಿನಗಳಲ್ಲಿ ಇವೇ ಕಾದಂಬರಿಗಳನ್ನು ಮಕ್ಕಳ ಬ್ಯಾಗಿನಿಂದ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿತ್ತು. 'ಪಠ್ಯಕ್ಕೆ ಸಂಬಂಧಿಸದ ವಸ್ತುಗಳು' ಎಂದು ರಿಜಿಸ್ಟರ್‌ನಲ್ಲಿ ಬರೆದೂ ಇಟ್ಟಿತ್ತು. ಅದೇ ಪಟ್ಟಿಯಲ್ಲಿ ಎರಡು ಗೋಲಿ, ಒಂದು ಬುಗುರಿ. ಈಗ ಶಿಬಿರಕ್ಕೆ ಪುಸ್ತಕ ಬೇಕಾಯಿತು. ಬೀರು ತೆರೆದರು. ಬುಗುರಿಯನ್ನು ಬದಿಗಿಟ್ಟು ಉಳಿದದ್ದಕ್ಕೆಲ್ಲ ಗ್ರಂಥಾಲಯದ ಚೀಟಿ ಅಂಟಿಸಿದರು. ಹೀಗೆ ಮಕ್ಕಳು ತಮ್ಮದೇ ಪುಸ್ತಕವನ್ನು ತಾವೇ ಓದಲು ಫೀಸು ಕಟ್ಟಿದರು. ಇಂಥ ಮ್ಯಾಜಿಕ್ ಯಾವ ಕಾದಂಬರಿಕಾರರಿಗೂ ಹೊಳೆದಿಲ್ಲ.

ನಂತರ ಮಿಸ್‌ಫಿಟ್‌ಗಳ ಆಯ್ಕೆ. ವೇದಿಕೆ ಚಿಕ್ಕದು, ಎಲ್ಲರನ್ನೂ ಹತ್ತಿಸಲು ಆಗುವುದಿಲ್ಲ. 'ಪ್ರತಿ ತರಗತಿಯಿಂದ ಇಬ್ಬರು ಯೋಗ್ಯ ಮಿಸ್‌ಫಿಟ್‌ಗಳನ್ನು ಕಳಿಸಿ' ಎಂದು ಶಿಕ್ಷಕರಿಗೆ ಆದೇಶ ಹೋಯಿತು. ಶಿಕ್ಷಕರು ಪಾಪ ಏನು ಮಾಡ್ತಾರೆ? ಪ್ರತಿಸಲ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಫಸ್ಟ್ ರ್‍ಯಾಂಕ್ ಮತ್ತು ಸೆಕೆಂಡ್ ರ್‍ಯಾಂಕ್ ಬಂದವರ ಹೆಸರು ಬರೆದು ಕಳಿಸಿದರು.

ಪಾಲಕರ ವಾಟ್ಸ್‌ಆ್ಯಪ್ ಗುಂಪಿಗೆ ಬೆಂಕಿ ಬಿತ್ತು. 'ನಮ್ಮ ಹುಡುಗಿಗಿ 97 ಬಂದದ, ಆಕಿ ಯಾಕ ಮಿಸ್‌ಫಿಟ್ ಅಲ್ರಿ?' ಎಂದು ಒಬ್ಬ ತಾಯಿ ಕೇಳಿದರು. ಇನ್ನೊಬ್ಬರು ಮಗನನ್ನು ಮೂರು ಕಡೆ ಟ್ಯೂಷನ್‌ಗೆ ಹಾಕಿದ್ದೇವೆ, ಆದರೂ ಮಿಸ್‌ಫಿಟ್ ಆಗಲಿಲ್ಲ ಎಂದರೆ ಶಾಲೆಯ ಬೋಧನೆಯಲ್ಲೇ ಲೋಪವಿದೆ ಎಂದರು. ಗುತ್ತಿಗೆದಾರರೊಬ್ಬರು 'ಮ್ಯಾಲಿನಿಂದ ಒಂದು ಫೋನ್ ಮಾಡಸ್ಲೇನ್ರಿ?' ಎಂದು ಬರೆದು, ತಕ್ಷಣ ಅಳಿಸಿದರು. ಅಷ್ಟರಲ್ಲಿ ಎಲ್ಲರೂ ಓದಿಯಾಗಿತ್ತು. ಕೊನೆಗೆ ಒಬ್ಬ ತಂದೆ ಕೇಳಿದ ಪ್ರಶ್ನೆಗೆ ಮಾತ್ರ ಇಡೀ ಗುಂಪು ಗಂಭೀರವಾಯಿತು: ಹೊರಗಿನಿಂದ ವರ್ಗವಾಗಿ ಬಂದವರ ಮಕ್ಕಳೂ ಮಿಸ್‌ಫಿಟ್ ಆಗುತ್ತಿದ್ದಾರೆ, ಸಂವಿಧಾನ ನಮ್ಮ ಭಾಗದವರಿಗೆ ಕೊಟ್ಟ 371(ಜೆ) ಮೀಸಲಾತಿ ಸ್ಥಳೀಯ ಮಿಸ್‌ಫಿಟ್‌ಗಳಿಗೆ ಇಲ್ಲವಾ? ಹತ್ತು ವರ್ಷ ಇಲ್ಲೇ ವಾಸವಿದ್ದ ಸರ್ಟಿಫಿಕೇಟ್ ನಮ್ಮ ಹತ್ತಿರ ರೆಡಿ ಇದೆ. ಲ್ಯಾಮಿನೇಷನ್ ಕೂಡ ಮಾಡಿಸಿದ್ದೇವೆ.

ಈ ಗದ್ದಲದಲ್ಲಿ ಯಾರೂ ಕೇಳದೆ ಬಿಟ್ಟ ಪ್ರಶ್ನೆ ಒಂದಿತ್ತು. ಅಲ್ಲ, ಈ ಮಕ್ಕಳು ಆ ಪುಸ್ತಕಗಳನ್ನು ಬಚ್ಚಿಟ್ಟುಕೊಂಡು ಯಾಕೆ ಓದುತ್ತಿದ್ದವು?

ನಮ್ಮ ಓಣಿಯ ಐದನೇ ತರಗತಿಯ ಹುಡುಗಿಯನ್ನು ಕೇಳಿದೆ. ಅವಳಿಗೆ ಇದು ಪ್ರಶ್ನೆಯೇ ಅಲ್ಲ. 'ಅಲ್ಲೀನೂ ಸಾಲಿ ಇರ್ತದ್ರಿ, ಪರೀಕ್ಷಿನೂ ಇರ್ತದ. ಆದ್ರ ಪರೀಕ್ಷಿ ಹೊತ್ತಿಗಿ ಯಾವುದರೆ ಒಂದು ರಾಕ್ಷಸ ಬರ್ತದ. ಆಮ್ಯಾಲ ಯಾರೂ ಪರ್ಸೆಂಟೇಜ್ ಕೇಳಂಗಿಲ್ಲ.' ಕಲಬುರಗಿಯಲ್ಲಿ ರಾಕ್ಷಸ ಬಂದರೂ 'ಮ್ಯಾಥ್ಸ್‌ದಾಗ ಎಷ್ಟು ಬಂತು' ಅಂತ ಮೊದಲು ಕೇಳಿಯೇ ತಿನ್ನುತ್ತಾನೆ. ಅದನ್ನು ಅವಳಿಗೆ ಹೇಳಲಿಲ್ಲ.

ಎಂಟರಿಂದ ಹನ್ನೆರಡು ವಯಸ್ಸಿನ ಓದುಗರಿಗಾಗಿ ಬರೆಯುವ ಈ ಕಾದಂಬರಿಗಳ ಕಸುಬು ಗಟ್ಟಿಯಾದದ್ದು. ಸುಮ್ನೆ ಡ್ರ್ಯಾಗನ್ ಹಾರಿಸಿದರೆ ಮಕ್ಕಳು ಬೀಳುವುದಿಲ್ಲ. ನಾಯಕನಿಗೆ ಹನ್ನೊಂದೋ ಹನ್ನೆರಡೋ ವಯಸ್ಸು, ಯಾಕೆಂದರೆ ಮಕ್ಕಳು ತಮಗಿಂತ ಒಂದೆರಡು ವರ್ಷ ದೊಡ್ಡವರ ಕಥೆಯನ್ನೇ ಇಷ್ಟಪಡುತ್ತಾರೆ. ಒಂಬತ್ತರ ಮಗುವಿಗೆ ಎಂಟರ ನಾಯಕನನ್ನು ಕೊಟ್ಟು ನೋಡಿ, ಪುಸ್ತಕ ನಿಮ್ಮ ತಲೆಗೇ ಬರುತ್ತೆ. ಮೊದಲ ಕೆಲಸ, ಅಪ್ಪ ಅಮ್ಮನನ್ನು ದಾರಿಯಿಂದ ಸರಿಸುವುದು. ಒಂದೋ ಹುಡುಗ ಅನಾಥ, ಇಲ್ಲಾ ಹಾಸ್ಟೆಲ್‌ನಲ್ಲಿರುತ್ತಾನೆ, ಇಲ್ಲಾ ರಜೆಗೆ ಗೊಣಗುವ ಚಿಕ್ಕಮ್ಮನ ಮನೆಗೆ ಹೋಗಿರುತ್ತಾನೆ. ಅಪ್ಪ ಪಕ್ಕದಲ್ಲಿದ್ದರೆ ಸಾಹಸ ನಡೆಯುವುದಿಲ್ಲ ನೋಡಿ. ಗುಹೆಯ ಬಾಗಿಲಲ್ಲೇ 'ಸ್ವೆಟರ್ ಹಾಕ್ಕೊಂಡಿಯೇನು?' ಎಂದು ಕೇಳುತ್ತಾನೆ. ಇನ್ನು ಮಂತ್ರಕ್ಕೆ ಲೆಕ್ಕಾಚಾರ ಇರುತ್ತೆ. ಅದು ಪುಕ್ಕಟೆ ಸಿಗುವುದಿಲ್ಲ, ಬಳಸಿದರೆ ಏನೋ ಒಂದು ಕಳೆದುಕೊಳ್ಳಬೇಕು. ಲೇಖಕ ತಾನೇ ಮಾಡಿದ ನಿಯಮವನ್ನು ಮುರಿದರೆ ಹತ್ತು ವರ್ಷದ ಓದುಗ ಪುಟಸಂಖ್ಯೆ ಸಮೇತ ಹಿಡಿದು ಕೇಳುತ್ತಾನೆ. ನಮ್ಮ ಪ್ರಣಾಳಿಕೆಗಳನ್ನು ಈ ವಯಸ್ಸಿನವರ ಕೈಗೆ ಕೊಡುವುದಿಲ್ಲವಲ್ಲ, ಅದೇ ಪಕ್ಷಗಳ ಪುಣ್ಯ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಆ ಮಗುವಿನಲ್ಲಿ ಯಾವುದನ್ನು ಎಲ್ಲರೂ ಕೊರತೆ ಅಂದಿದ್ದರೋ, ಬಾಗಿಲು ತೆರೆಯುವುದು ಅದರಿಂದಲೇ. ಅಮೆರಿಕದ ಮಕ್ಕಳ ಕಾದಂಬರಿಕಾರ ರಿಕ್ ರಿಯೊರ್ಡನ್ ಮೊದಲು ಶಾಲಾ ಮೇಷ್ಟ್ರಾಗಿದ್ದವರು. ಅವರ ಮಗನಿಗೆ ಅಕ್ಷರ ಓದುವುದೇ ಕಷ್ಟವಾಗುವ ಡಿಸ್‌ಲೆಕ್ಸಿಯಾ ಮತ್ತು ಒಂದೆಡೆ ಗಮನ ನಿಲ್ಲದ ಎಡಿಎಚ್‌ಡಿ. ಓದೆಂದರೆ ಹುಡುಗನಿಗೆ ಕಷ್ಟ. ಮಲಗುವ ಹೊತ್ತಲ್ಲಿ ಅವನಿಗೆ ಗ್ರೀಕ್ ದೇವತೆಗಳ ಕಥೆ ಹೇಳುತ್ತಿದ್ದರು. ಗೊತ್ತಿದ್ದ ಕಥೆಗಳೆಲ್ಲ ಮುಗಿದಾಗ ಪರ್ಸಿ ಜಾಕ್ಸನ್ ಎಂಬ ಹೊಸ ಹುಡುಗನನ್ನು ಕಥೆಯಲ್ಲಿ ಹುಟ್ಟಿಸಿದರು. ಇಂಗ್ಲಿಷ್ ಅಕ್ಷರ ಅವನ ಕಣ್ಣೆದುರು ಕುಣಿಯುವುದು ಅವನ ಮೆದುಳು ಪ್ರಾಚೀನ ಗ್ರೀಕ್‌ಗೆ ಹೊಂದಿಕೊಂಡಿರುವುದಕ್ಕೆ. ಕ್ಲಾಸಿನಲ್ಲಿ ಒಂದು ಕಡೆ ಕೂರಲಾಗದಿರುವುದು ಅವನೊಳಗಿನ ಯುದ್ಧದ ಚುರುಕಿಗೆ. 2005ರಲ್ಲಿ ಅದು ಪುಸ್ತಕವಾಗಿ ಬಂತು, ಮುಂದೆ ದೊಡ್ಡ ಸರಣಿಯೇ ಆಯಿತು. ಆ ಹುಡುಗ ನಮ್ಮ ಕಡೆಯ ಶಾಲೆಗೆ ಬಂದಿದ್ದರೆ ಡೈರಿಯಲ್ಲಿ 'ಗಮನವಿಲ್ಲ, ಪಾಲಕರು ಬಂದು ಕಾಣುವುದು' ಎಂದು ಕೆಂಪು ಶಾಯಿಯಲ್ಲಿ ಬರೆದು ಕಳಿಸುತ್ತಿದ್ದರು. ಎಷ್ಟೋ ಮಕ್ಕಳಿಗೆ ಆ ಕೆಂಪು ಶಾಯಿ ಗೊತ್ತು. ಅವರು ಓದುವುದು ಡ್ರ್ಯಾಗನ್‌ಗಾಗಿ ಅಲ್ಲ ಅಂತ ನನಗಂತೂ ಅನ್ನಿಸುತ್ತೆ. ಡ್ರ್ಯಾಗನ್ ಏನಿದ್ದರೂ ಮೇಲುಖರ್ಚು.

'ಎಲ್ಲ ಖರೆ, ಆದ್ರ ಇಂಥವು ಓದಿ ಮಕ್ಕಳು ಭ್ರಮೆದಾಗ ಬೆಳೀತಾವ್ರಿ' ಎಂದರು ಒಬ್ಬ ಹಿರಿಯರು. 'ಈ ಒಂದು ಪುಸ್ತಕದ ರೊಕ್ಕದಾಗ ಎರಡು ಕಿಲೋ ತೊಗರಿಬ್ಯಾಳಿ ಬರ್ತದ.' ತೊಗರಿ ನಾಡಿನವರು, ಆ ಲೆಕ್ಕಕ್ಕೆ ನಾನು ಎದುರಾಡುವುದಿಲ್ಲ. ಭ್ರಮೆಯ ಬಗ್ಗೆ ಮಾತ್ರ ಸ್ವಲ್ಪ ಮಾತಾಡಬೇಕು.

ನಮ್ಮ ಭಾಗದ ದೊಡ್ಡವರಷ್ಟು ಮಾಯೆಯನ್ನು ನಂಬಿ ಬದುಕಿದವರು ಬೇರೆಲ್ಲೂ ಸಿಗಲಿಕ್ಕಿಲ್ಲ. 2014ರಲ್ಲಿ ಗುಲ್ಬರ್ಗಾ ಇದ್ದದ್ದು ಕಲಬುರಗಿ ಆಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಇದ್ದದ್ದು ಕಲ್ಯಾಣ ಕರ್ನಾಟಕ ಆಯಿತು. ಹೆಸರು ಉಚ್ಚರಿಸಿದ ಕೂಡಲೇ ರೂಪ ಬದಲಾಗುವುದು ಮಂತ್ರದ ಮೊದಲ ಪಾಠ. ಈ ಪ್ರಯೋಗದಲ್ಲಿ ಬೋರ್ಡುಗಳ ರೂಪ ಬದಲಾಯಿತು. ಕಲಬುರಗಿ ರೈಲ್ವೆ ವಿಭಾಗ ಘೋಷಣೆಯಾಗಿ ಹತ್ತು ವರ್ಷ ದಾಟಿತು. ಇಂಗ್ಲೆಂಡಿನ ಮಾಯಾ ಮಕ್ಕಳಿಗೆ ಗೋಡೆಯೊಳಗಿನ ಪ್ಲಾಟ್‌ಫಾರಂ ಕಾಣುತ್ತಂತೆ. ನಮ್ಮ ಕಲ್ಪನಾಶಕ್ತಿ ಅದಕ್ಕಿಂತ ದೊಡ್ಡದು, ನಾವು ಇಡೀ ವಿಭಾಗವನ್ನೇ ನೋಡುತ್ತಾ ಕೂತಿದ್ದೇವೆ.

ಇನ್ನು ಎಸ್ಸೆಸ್ಸೆಲ್ಸಿ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಮಾಯಾಕನ್ನಡಿಯಲ್ಲಿ ಕಂಡದ್ದು ನೋಡಿ ಗಾಬರಿಯಾದರು. ಶೇ 10ರಷ್ಟಿದ್ದ ಗ್ರೇಸ್ ಅಂಕವನ್ನು ಶೇ 20 ಮಾಡಿದರು. ಮಂತ್ರ ಕೆಲಸ ಮಾಡಿತು, ರಾಜ್ಯದ ಫಲಿತಾಂಶ ಶೇ 73.40ಕ್ಕೆ ಬಂದು ನಿಂತಿತು. ಅಷ್ಟಾದರೂ ಶೇ 50.59ರೊಂದಿಗೆ ಯಾದಗಿರಿ ಕೊನೆಯ ಸ್ಥಾನ. ಮರುವರ್ಷ ಆ ಹೆಚ್ಚುವರಿ ಗ್ರೇಸ್ ಮಾಯವಾಯಿತು. ಆ ಸಲ ಕೊನೆಯ ಸ್ಥಾನ ಕಲಬುರಗಿಗೆ, ಶೇ 42.43. ಪಕ್ಕದ ಮನೆಯವರು ಕೊಟ್ಟ ಪಾತ್ರೆ ವಾಪಸ್ ಬಂದಂತೆ ನಮ್ಮೊಳಗೇ ತಿರುಗುತ್ತಿದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಹೊಂದಿಕೊಳ್ಳಲಿಲ್ಲ ಎಂದರೆ ಅಂಗಿಯ ಅಳತೆಯನ್ನು ಒಮ್ಮೆ ನೋಡಬೇಕು, ಅಲ್ವಾ? ನಾವು ಗ್ರೇಸ್ ಅಂಕದ ಅಳತೆ ನೋಡುತ್ತೇವೆ.

ಶಿಬಿರದ ನಡುವೆ ಒಂದು ಪ್ರವಾಸವೂ ಇತ್ತು. ಬೀದರಿಗೆ, ಮಹಮೂದ್ ಗಾವಾನನ ಮದರಸಾಕ್ಕೆ. 'ಇದು ನಮ್ಮದೇ ಮಾಯಾಶಾಲೆ' ಎಂದು ಶಿಕ್ಷಕರು ಹೇಳಿದರಂತೆ. ತಪ್ಪೇನಿಲ್ಲ. 1472ರಲ್ಲಿ ಕಟ್ಟಿದ್ದು, ಮೂರು ಅಂತಸ್ತು, ಬಣ್ಣದ ಹೆಂಚಿನ ಎತ್ತರದ ಮಿನಾರು. ಒಳಗೆ ಮೂರು ಸಾವಿರ ಹಸ್ತಪ್ರತಿಗಳಿದ್ದವು ಎನ್ನುತ್ತಾರೆ. ಗಾವಾನ್ ಕೂಡ ಸರಿಯಾದ ಮಿಸ್‌ಫಿಟ್. ದೂರದ ಇರಾನಿನ ಗೀಲಾನ್‌ನಿಂದ ವ್ಯಾಪಾರಕ್ಕೆ ಬಂದು ಬಹಮನಿ ಪ್ರಧಾನಿಯಾದವನು. ಆ ಕಾದಂಬರಿಗಳಲ್ಲಿ ಹುಡುಗನಿಗೆ ಒಂದು ಪತ್ರ ಬಂದರೆ ಹಣೆಬರಹವೇ ಬದಲಾಗುತ್ತೆ. ಗಾವಾನನ ವಿಷಯದಲ್ಲೂ ಒಂದು ಪತ್ರ ಬಂತು. ಆಗದವರು ಅವನ ಮುದ್ರೆ ಒತ್ತಿಸಿ, ಒರಿಸ್ಸಾದ ರಾಜನನ್ನು ದಂಡೆತ್ತಿ ಬಾ ಎಂದು ಕರೆದಂತೆ ಖೋಟಾ ಪತ್ರ ಬರೆದಿದ್ದರು. ಸುಲ್ತಾನ ಅದನ್ನು ನಂಬಿ 1481ರಲ್ಲಿ ಅವನ ತಲೆ ತೆಗೆಸಿದ. ಆಮೇಲೆ ಪಶ್ಚಾತ್ತಾಪಪಟ್ಟ. ಮದರಸಾದ ಒಂದು ಭಾಗ ಮೊಗಲರ ಕಾಲದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಹೋಯಿತು. ಪುಸ್ತಕ ಇರುವ ಜಾಗದಲ್ಲಿ ಮದ್ದು ಯಾಕೆ ಇಟ್ಟರು ಎಂದು ಒಬ್ಬ ಹುಡುಗ ಕೇಳಿದನಂತೆ. 'ಸಾಲಿನಲ್ಲಿ ನಡಿ' ಎಂದರಂತೆ.

ಕೊನೆಗೂ ಮಿಸ್‌ಫಿಟ್ ಡೇ ಬಂತು. ನೂರಾರು ಮಕ್ಕಳು ಒಂದೇ ಕಪ್ಪು, ಒಂದೇ ದುಂಡು ಕನ್ನಡಕ. ತಾಯಂದಿರಿಗೆ ತಮ್ಮ ಮಗು ಯಾವುದೆಂದು ಗುರುತು ಹತ್ತಲಿಲ್ಲ. ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ಮಾತಾಡಿದರು, ಅವರ ತಲೆಯ ಮೇಲೆ ಮಾತ್ರ ಕೂಲರ್ ಇತ್ತು. ಮಕ್ಕಳು ಮಂತ್ರದಂಡದಿಂದ ಬೆನ್ನು ತುರಿಸಿಕೊಂಡರು. ಆ ವಸ್ತು ನಿಜಕ್ಕೂ ಕೆಲಸಕ್ಕೆ ಬಂದದ್ದು ಅಷ್ಟಕ್ಕೇ.

'ಅತ್ಯುತ್ತಮ ಮಿಸ್‌ಫಿಟ್' ಬಹುಮಾನಕ್ಕೆ ತೀರ್ಪುಗಾರರ ಅಂಕಪಟ್ಟಿ ಹೀಗಿತ್ತು: ಶಿಸ್ತು 10, ಅಚ್ಚುಕಟ್ಟು 10, ಇಂಗ್ಲಿಷ್ ಉಚ್ಚಾರ 10, ಬೇರೆತನ 5. ಬೇರೆತನದಲ್ಲಿ ಕಡಿಮೆ ಬಿದ್ದವರಿಗೆ ಗ್ರೇಸ್. ಗೆದ್ದವನು ಎಂದಿನಂತೆ ಕ್ಲಾಸ್ ಲೀಡರ್. ಬಹುಮಾನ, ಜನರಲ್ ನಾಲೆಜ್ ಪುಸ್ತಕ.

ಫೋಟೋ ತೆಗೆಯುವಾಗ ನಮ್ಮ ಓಣಿಯ ಹುಡುಗಿ ಕಾಣೆ. ಹುಡುಕಿದರೆ ಆಫೀಸ್ ರೂಮಿನಲ್ಲಿ, ಅದೇ ಬೀರುವಿನ ಮರೆಯಲ್ಲಿ ನೆಲದ ಮೇಲೆ ಕೂತು ಓದುತ್ತಿದ್ದಳು. ನಿಲುವಂಗಿಯನ್ನು ಮಡಚಿ ಕೆಳಗೆ ಹಾಸಿಕೊಂಡಿದ್ದಳು. ಕಾರ್ಯಕ್ರಮಕ್ಕೆ ಗೈರು ಎಂದು ಹಾಕಿದರು.

ಮರುದಿನವೇ ಸರ್ಕಲ್‌ನಲ್ಲಿ ಒಂದು ಕೋಚಿಂಗ್ ಸೆಂಟರಿನ ಹೊಸ ಫ್ಲೆಕ್ಸ್ ಎದ್ದಿತು. 'ಮಿಸ್‌ಫಿಟ್ ಫೌಂಡೇಶನ್ ಕೋರ್ಸ್, 4ನೇ ತರಗತಿಯಿಂದ. ಪ್ರವೇಶ ಪರೀಕ್ಷೆಯ ಮೂಲಕ ಮಾತ್ರ.' ಸಂಜೆ ಆ 97ರ ಹುಡುಗಿಯ ತಂದೆ ಸಿಕ್ಕರು. ಫ್ಲೆಕ್ಸ್‌ನ ಫೋಟೋ ಮೊಬೈಲ್‌ನಲ್ಲಿ ತೋರಿಸಿ, ದನಿ ತಗ್ಗಿಸಿ ಕೇಳಿದರು: 'ಕಟಾಫ್ ಎಷ್ಟಕ್ಕ ನಿಲ್ಲತದ್ರಿ ಸರ? ಮ್ಯಾನೇಜ್‌ಮೆಂಟ್ ಕೋಟಾ ಏನರೆ ಅದ ಏನು?'