ನಡುವೆ ಕತ್ತರಿಸಿದ ಬಾವುಟ

"ನಿಮ್ಮ ರಾಜ್ಯ ಹುಟ್ಟಿದ್ದೂ 1956ರಲ್ಲೇ ಅಂದೆಯಲ್ಲ, ಅದಕ್ಕಾಗಿ ಸತ್ತವರು ಯಾರು?" ಎಂದು ಎದುರು ಮನೆಯ ಹಂಗೇರಿಯನ್ ಅಜ್ಜ ಲಿಫ್ಟಿನಲ್ಲಿ ಕೇಳಿದರು. ಒಂಬತ್ತನೇ ಮಹಡಿಯಿಂದ ಕೆಳಗಿಳಿಯುವವರೆಗೂ ನನ್ನ ಬಾಯಿಗೆ ಒಂದು ಹೆಸರೂ ಬರಲಿಲ್ಲ. ಅವರು ಚುಚ್ಚಬೇಕೆಂದು ಕೇಳಿದ್ದಲ್ಲ. ಅದಕ್ಕೇ ಇರಬೇಕು, ಆ ಮಾತು ಇನ್ನೂ ಮನಸ್ಸಿನಲ್ಲಿ ನಾಟಿಕೊಂಡಿದೆ.

ಹೋದ ಅಕ್ಟೋಬರ್ 23, ಗುರುವಾರ ಸಂಜೆ. ನಾವಿಬ್ಬರೂ ಟೊರಾಂಟೊದ ಬುಡಾಪೆಸ್ಟ್ ಪಾರ್ಕಿಗೆ ಹೊರಟಿದ್ದೆವು. ಒಂಟಾರಿಯೊ ಸರೋವರದ ದಂಡೆಯಲ್ಲಿರುವ ಆ ಪಾರ್ಕಿನಲ್ಲಿ, ಸೋವಿಯತ್ ಹಿಡಿತದ ವಿರುದ್ಧ ಹಂಗೇರಿಯಲ್ಲಿ 1956ರಲ್ಲಿ ಎದ್ದ ದಂಗೆಯ ಹತ್ತನೇ ವರ್ಷಕ್ಕೆ, 1966ರಲ್ಲಿ, ಇಲ್ಲಿನ ಹಂಗೇರಿಯನ್ನರು ನಿಲ್ಲಿಸಿದ ಸ್ಮಾರಕವಿದೆ. ಅಜ್ಜನಿಗೆ ಈಗ ಕಾರು ಓಡಿಸಲು ಕಣ್ಣು ಸಾಲದು. ಬಿಟ್ಟು ಬರೋಣವೆಂದು ಹೋದವನು ಒಂದೂವರೆ ತಾಸು ಅಲ್ಲೇ ನಿಂತೆ.

ಜನ ಇಪ್ಪತ್ತೈದೂ ಇರಲಿಲ್ಲ. ಮೈಕ್ ಇಲ್ಲ, ವೇದಿಕೆ ಇಲ್ಲ. ಗಾಜಿನ ಬಟ್ಟಲಿನೊಳಗೆ ಮೇಣದಬತ್ತಿಗಳು, ಕೆಂಪು ಬಿಳಿ ಹಸಿರು ಪಟ್ಟಿ ಕಟ್ಟಿದ ಒಂದು ಹೂವಿನ ಚಕ್ರ, ಸ್ಕೌಟ್ ಉಡುಪಿನ ನಾಲ್ಕು ಮಕ್ಕಳು. ಅಜ್ಜ ಚೀಲದಿಂದ ಮಡಚಿದ ಬಾವುಟವೊಂದನ್ನು ತೆಗೆದರು. ಅದರ ನಟ್ಟನಡುವೆ ತಟ್ಟೆಯಗಲದ ತೂತು. 1956ರಲ್ಲಿ ಜನ ಕಮ್ಯುನಿಸ್ಟ್ ಸರ್ಕಾರದ ಲಾಂಛನವನ್ನು ಬಾವುಟದಿಂದ ಕತ್ತರಿಸಿ ಎಸೆದಿದ್ದರಂತೆ. ಅಂದಿನಿಂದ ತೂತೇ ಅವರ ಗುರುತು. ಈ ಬಾವುಟವನ್ನು ಇಲ್ಲಿಗೆ ಬಂದ ಮೇಲೆ ಹೊಲಿದವರು ಅಜ್ಜನ ತಾಯಿ. ಎಳೆ ಬಿಡದಂತೆ ತೂತಿನ ಅಂಚಿಗೆ ಸುತ್ತಲೂ ಕೈಹೊಲಿಗೆ ಹಾಕಿದ್ದಾರೆ. ಒಂದು ಕಡೆ ಬಿಳಿ ದಾರ ಮುಗಿದು ಬೂದು ದಾರದಲ್ಲಿ ಮುಂದುವರಿಸಿದ್ದು ಕಾಣುತ್ತದೆ. ಬಾವುಟದ ಒಂದು ತುದಿ ನಾನು ಹಿಡಿದಿದ್ದೆ. ಗಾಳಿಗೆ ಅದು ಉಬ್ಬಿದಾಗ ಆ ತೂತಿನಲ್ಲಿ ಸರೋವರದ ನೀರು ಕಾಣುತ್ತಿತ್ತು.

ಆಮೇಲೆ ಹೆಸರುಗಳು. ಒಬ್ಬ ಹೆಂಗಸು ಕಾಗದ ನೋಡದೆ ಹೇಳುತ್ತಾ ಹೋದರು. ಪ್ರಧಾನಿ ಇಮ್ರೆ ನಾಜ್, 1958ರ ಜೂನ್ 16ರಂದು ಗಲ್ಲಿಗೇರಿದವರು. ಪೀಟರ್ ಮಾನ್ಸ್‌ಫೆಲ್ಡ್, ಹದಿನೆಂಟು ತುಂಬಿದ ಹನ್ನೊಂದನೇ ದಿನಕ್ಕೆ ನೇಣಿಗೆ ಹೋದ ಹುಡುಗ. ಹೀಗೇ ಹೆಸರಿನ ಹಿಂದೆ ಹೆಸರು. ಪ್ರತಿ ಹೆಸರಿಗೂ ಒಂದು ಉಸಿರಿನಷ್ಟು ಮೌನ. ಅಜ್ಜ ನನ್ನ ಕಿವಿಯಲ್ಲಿ ಒಂದೊಂದನ್ನೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು.

ಆ ದಂಗೆ ನಡೆದದ್ದು ಎರಡು ವಾರವೂ ಇಲ್ಲ. ಅಕ್ಟೋಬರ್ 23ರಂದು ವಿದ್ಯಾರ್ಥಿಗಳ ಮೆರವಣಿಗೆ, ಅದೇ ರಾತ್ರಿ ಸ್ಟಾಲಿನ್ ಪ್ರತಿಮೆ ನೆಲಕ್ಕೆ, ರೇಡಿಯೋ ಕಟ್ಟಡದ ಮುಂದೆ ಗುಂಡು. ನವೆಂಬರ್ 4ರ ಬೆಳಗಿನ ಜಾವ ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟಿಗೆ ನುಗ್ಗಿದವು. ಸುಮಾರು ಎರಡು ಲಕ್ಷ ಜನ ದೇಶ ಬಿಟ್ಟರು. ಅದರಲ್ಲಿ 37 ಸಾವಿರಕ್ಕೂ ಹೆಚ್ಚು ಜನ ಕೆನಡಾಕ್ಕೆ ಬಂದರು. ಶೋಪ್ರಾನ್ ಊರಿನ ಅರಣ್ಯಶಾಸ್ತ್ರದ ಕಾಲೇಜಿನ ಮೇಷ್ಟ್ರುಗಳೂ ವಿದ್ಯಾರ್ಥಿಗಳೂ ಒಟ್ಟಾಗಿ ವ್ಯಾಂಕೂವರಿಗೆ ಬಂದು ಅಲ್ಲಿ ತಮ್ಮ ಪಾಠ ಮುಗಿಸಿದರು. ಎದುರು ಮನೆ ಅಜ್ಜ ಆಗ ಒಂಬತ್ತು ವರ್ಷದವರು. ತಾಯಿಯ ಕೈ ಹಿಡಿದು ಕತ್ತಲಲ್ಲಿ ಕೆಸರು ಗದ್ದೆ ದಾಟಿ ಆಸ್ಟ್ರಿಯಾ ಸೇರಿದರು. ಒಂದು ಬೂಟು ಕೆಸರಿನಲ್ಲೇ ಉಳಿಯಿತಂತೆ.

ಅತ್ತ ಅವರ ಊರಲ್ಲಿ 1989ರವರೆಗೆ ಇದನ್ನು ಕ್ರಾಂತಿ ಎನ್ನುವ ಹಾಗಿರಲಿಲ್ಲ. ಸರ್ಕಾರದ ಬಾಯಲ್ಲಿ ಅದು 'ಪ್ರತಿಕ್ರಾಂತಿ'. ಇಮ್ರೆ ನಾಜ್ ಅವರನ್ನು ಹೆಸರಿಲ್ಲದ ಗುಂಡಿಯಲ್ಲಿ ಹೂತಿದ್ದರು. 1989ರ ಜೂನ್ 16ರಂದು ಮರ್ಯಾದೆಯಿಂದ ಮತ್ತೆ ಮಣ್ಣು ಮಾಡಿದಾಗ ಆರು ಶವಪೆಟ್ಟಿಗೆಗಳನ್ನಿಟ್ಟಿದ್ದರು. ಆರನೆಯದು ಖಾಲಿ, ಹೆಸರು ಗೊತ್ತಿಲ್ಲದೆ ಸತ್ತವರಿಗಾಗಿ. ಅಲ್ಲಿಯವರೆಗಿನ ಮೂವತ್ತಮೂರು ವರ್ಷ ಆ ಹೆಸರುಗಳನ್ನು ಬೀದಿಯಲ್ಲಿ ನಿಂತು ಗಟ್ಟಿಯಾಗಿ ಹೇಳಲು ಆಗುತ್ತಿದ್ದದ್ದು ಹೊರಗಿದ್ದವರಿಗೆ ಮಾತ್ರ.

ವಿಶ್ವಸಂಸ್ಥೆಯಲ್ಲಿ 1956ರ ನವೆಂಬರ್ 9ರಂದು, ಹಂಗೇರಿಯಲ್ಲಿ ಮುಕ್ತ ಚುನಾವಣೆ ಆಗಲಿ ಎಂಬ ನಿರ್ಣಯಕ್ಕೆ ಭಾರತ ವಿರುದ್ಧ ಮತ ಹಾಕಿತ್ತು. ಅಜ್ಜನಿಗೆ ಅದೂ ನೆನಪಿದೆ. ನನಗೆ ಗೊತ್ತಾದದ್ದು ಆ ರಾತ್ರಿ ಮನೆಗೆ ಬಂದು ಓದಿದಾಗ.

ಓದುತ್ತಾ ಇನ್ನೊಂದು ಕಣ್ಣಿಗೆ ಬಿತ್ತು. ಇಮ್ರೆ ನಾಜ್ ರೇಡಿಯೋದಲ್ಲಿ ಹಂಗೇರಿ ಇನ್ನು ಯಾವ ಬಣಕ್ಕೂ ಸೇರದ ತಟಸ್ಥ ದೇಶ ಎಂದು ಘೋಷಿಸಿದ್ದು 1956ರ ನವೆಂಬರ್ 1ರಂದು. ಅದೇ ದಿನ ಬೆಂಗಳೂರಿನಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ನಮ್ಮ ವಿಶಾಲ ಮೈಸೂರನ್ನು ಉದ್ಘಾಟಿಸಿದರು. ಹಂಗೇರಿಯವರ ಆಸೆ ಇನ್ನು ಮೂರು ದಿನಕ್ಕೆ ಟ್ಯಾಂಕಿನಡಿ ಸಿಕ್ಕಿತು. ನಮ್ಮದು ಕೈಗೂಡಿತು.

ಕೈಗೂಡಿದ್ದನ್ನು ನಾವು ಹೇಗೆ ಇಟ್ಟುಕೊಂಡಿದ್ದೇವೆ? ಈ ಸಲ ನವೆಂಬರ್ 1 ಶನಿವಾರವೇ ಬಂದಿತ್ತು. ಆದರೂ ನಮ್ಮ ಸಂಘದ ರಾಜ್ಯೋತ್ಸವ ನಡೆದದ್ದು 22ಕ್ಕೆ, ದೀಪಾವಳಿಯನ್ನೂ ಸೇರಿಸಿಕೊಂಡು. ಕಮಿಟಿ ಮೀಟಿಂಗಿನಲ್ಲಿ ನಾನು ಕೇಳಿದೆ. "ಒಂದನೇ ತಾರೀಕು ಹಾಲ್ ಸಿಗಲ್ಲ ಸರ್, ಕಲಾವಿದರೂ ಊರಿಂದ ಬರೋದು ಇಪ್ಪತ್ತರ ಮೇಲೆ" ಅಂದರು. ಅಂದು ನಾಡಗೀತೆ ಆಯಿತು, ಭುವನೇಶ್ವರಿ ಫೋಟೋಗೆ ಹೂವಾಯಿತು, ಸ್ಪಾನ್ಸರುಗಳಿಗೆ ಶಾಲು ಹೊದಿಸುವುದೇ ಮುಕ್ಕಾಲು ತಾಸಾಯಿತು. ಆಮೇಲೆ ಆರ್ಕೆಸ್ಟ್ರಾ. ನಾಡು ಒಂದಾಗಲೆಂದು ದುಡಿದ ಒಬ್ಬರ ಹೆಸರೂ ಮೈಕಿನಲ್ಲಿ ಬರಲಿಲ್ಲ. ಆಲೂರ ವೆಂಕಟರಾಯರದೂ ಇಲ್ಲ.

ಹುಬ್ಬಳ್ಳಿಯವನಾದ ನನಗೆ ಇದು ಗೊತ್ತಿಲ್ಲ ಅನ್ನುವ ನೆಪವೂ ಇಲ್ಲ. 1953ರಲ್ಲಿ ಅದರಗುಂಚಿ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸ ಕುಳಿತದ್ದನ್ನು ನಮ್ಮಜ್ಜ ಎಷ್ಟು ಸಲ ಹೇಳಿದ್ದಾನೋ. "ಗೌಡ್ರು ಉಪಾಸ ಕುಂತಾಗ ದಿನಾ ನಡಕೋತ ಹೋಗಿ ನೋಡಿ ಬರ್ತಿದ್ವೆಪಾ" ಅನ್ನುತ್ತಿದ್ದ. ನಾನು ಕ್ರಿಕೆಟ್ ನೋಡುತ್ತಾ ಹೂಂ ಅನ್ನುತ್ತಿದ್ದೆ. ಬಳ್ಳಾರಿ ಮೈಸೂರಿಗೆ ಸೇರುವ ಸಂಭ್ರಮದ ಚಪ್ಪರ ಕಾಯುತ್ತಿದ್ದಾಗ ಆಸಿಡ್ ದಾಳಿಗೆ ಬಲಿಯಾದ ಪೈಲ್ವಾನ್ ರಂಜಾನ್ ಸಾಬರ ಹೆಸರನ್ನೂ ಅವನ ಬಾಯಲ್ಲೇ ಕೇಳಿದ್ದು. ಲಿಫ್ಟಿನಲ್ಲಿ ನನಗೆ ಬೇಕಾಗಿದ್ದ ಹೆಸರು ಅದೇ.

ಸಿಟ್ಟು ಇಳಿದ ಮೇಲೆ ಕೆಲವನ್ನು ಒಪ್ಪಬೇಕಾಗುತ್ತದೆ. ಹಂಗೇರಿಯನ್ನರ ದೊಡ್ಡ ಕಾರ್ಯಕ್ರಮವೂ ಭಾನುವಾರವೇ, ಜನಕ್ಕೆ ಅನುಕೂಲವೆಂದು. ಗುರುವಾರ ಬಂದವರು ಅಜ್ಜನಂಥ ಹಟಮಾರಿಗಳು. ಅಜ್ಜನ ಮಗ ಯಾವುದಕ್ಕೂ ಬರುವುದಿಲ್ಲ, ಮೊಮ್ಮಕ್ಕಳಿಗೆ ಹಂಗೇರಿಯನ್ ಬಾರದು. ನನ್ನ ಮಗಳು ಭಾನುವಾರದ ಕನ್ನಡ ತರಗತಿಯಲ್ಲಿ ಒತ್ತಕ್ಷರ ತಪ್ಪಿಲ್ಲದೆ ಬರೆಯುತ್ತಾಳೆ, ಕಲಿಸುತ್ತಿರುವವರು ಅದೇ ಸಂಘದವರು, ಒಂದು ಡಾಲರೂ ತೆಗೆದುಕೊಳ್ಳದೆ. ನಮ್ಮ ನವೆಂಬರಿನಲ್ಲಿ ಕುಣಿತ ಇದೆ ಎಂದರೆ ನಮ್ಮೂರಿಗೆ ಟ್ಯಾಂಕು ಬರಲಿಲ್ಲ ಎಂದೂ ಅರ್ಥ. ಅದನ್ನು ನಾನು ಬೇಡ ಅನ್ನಲಾರೆ.

ಆದರೂ ನವೆಂಬರ್ 1ರ ಸಂಜೆ ನಮ್ಮ ಮನೆಯಲ್ಲಿ ದೀಪ ಹಚ್ಚಿದೆವು. ಅಜ್ಜ ಪೊಗಾಚಾ ತಂದಿದ್ದರು, ಚೀಸ್ ಹಾಕಿ ಸುಟ್ಟ ಉಪ್ಪಿನ ಪುಟ್ಟ ಬನ್ನು. ನಮ್ಮ ಬೇಕರಿಯ ಖಾರಾ ಬನ್ನಿಗೆ ಹಸಿಮೆಣಸಿನಕಾಯಿ ಮರೆತ ಹಾಗಿರುತ್ತದೆ. ಮಗಳು ಕಾಗದದಲ್ಲಿ ಬರೆದುಕೊಂಡ ಮೂರು ಹೆಸರು ಓದಿದಳು. ಮೂರನೆಯದಕ್ಕೆ ಅಜ್ಜ ಕೈ ಎತ್ತಿ, ಇನ್ನೊಮ್ಮೆ ಹೇಳು ಅಂದರು. "ರಂಜಾನ್ ಸಾಬ್" ಅಂದಳು. ಅವರು ನಿಧಾನಕ್ಕೆ ಅದನ್ನೇ ಹೇಳಿ, ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿದರು.

"ಪೈಲ್ವಾನರು," ಅಂದೆ.