ಮಾವನವರ ಮೇಲೆ ಗೂಬೆ ಕೂರಿಸಿದ ಪ್ರಸಂಗ

ಕಳೆದ ಶನಿವಾರದಿಂದ ನಾನೂ ಮಾವನವರೂ ಹವಾಮಾನವನ್ನು ಬಿಟ್ಟು ಬೇರೆ ವಿಷಯ ಮಾತನಾಡುತ್ತಿಲ್ಲ. ಅಮೆರಿಕದ ಮಿನ್ನೆಸೋಟದ ಫೆಬ್ರವರಿಯಲ್ಲಿ ಹವಾಮಾನದ ಬಗ್ಗೆ ಹೇಳುವುದಕ್ಕೆ ಹೆಚ್ಚೇನೂ ಇರುವುದಿಲ್ಲವಾದ್ದರಿಂದ ಊಟದ ಹೊತ್ತು ಬಹಳ ನಿಶ್ಶಬ್ದವಾಗಿ ಕಳೆಯುತ್ತಿದೆ. ನನ್ನ ಹೆಂಡತಿ ಇಬ್ಬರಿಗೂ ಸಾರು ಬಡಿಸುತ್ತಾ, "ಒಂದು ಗೂಬೆಗೋಸ್ಕರ ಇಷ್ಟೆಲ್ಲ ಬೇಕಾ?" ಎಂದು ಕೇಳುತ್ತಾಳೆ. ಅವಳ ಪಾಲಿಗೆ ಅದು ಒಂದು ಗೂಬೆ. ನನ್ನ ಪಾಲಿಗೆ ಅದು ಮುನ್ನೂರನೆಯ ಹಕ್ಕಿ.

ಹಕ್ಕಿ ನೋಡುವ ಚಟ ಹತ್ತಿದವರಿಗೆ ತಾವು ಕಂಡ ಪ್ರಭೇದಗಳ ಪಟ್ಟಿಯ ಮಹಿಮೆಯನ್ನು ವಿವರಿಸಬೇಕಾಗಿಲ್ಲ. ಮೊದಮೊದಲು ಹಕ್ಕಿಗಾಗಿ ಪಟ್ಟಿ ಬರೆಯುತ್ತೇವೆ, ಆಮೇಲೆ ಪಟ್ಟಿಗಾಗಿ ಹಕ್ಕಿ ನೋಡುತ್ತೇವೆ. ನನ್ನ ಪಟ್ಟಿ ಒಮ್ಮೆ 300 ಮುಟ್ಟಿತ್ತು. ಆ ಮುನ್ನೂರನೆಯದು ಹೋರಿ (ಇಂಗ್ಲಿಷಿನಲ್ಲಿ 'ನರೆತ' ಎಂದರ್ಥ) ರೆಡ್‌ಪೋಲ್ ಎಂಬ ಪುಟ್ಟ ಹಕ್ಕಿ. ಸಾಮಾನ್ಯ ರೆಡ್‌ಪೋಲ್ ಗುಬ್ಬಿಗಿಂತ ಚಿಕ್ಕದು, ನೆತ್ತಿಯ ಮೇಲೆ ಕುಂಕುಮ ಇಟ್ಟುಕೊಂಡಂತೆ ಕಾಣುತ್ತದೆ. ಹೋರಿ ರೆಡ್‌ಪೋಲ್ ಎಂದರೆ ಅದೇ ಹಕ್ಕಿಯನ್ನು ನಾಲ್ಕು ಸಲ ಹೆಚ್ಚಿಗೆ ಒಗೆದು ಒಣಗಿಸಿದಂತೆ ಪೇಲವವಾಗಿರುತ್ತದೆ. ಇವೆರಡರ ವ್ಯತ್ಯಾಸವನ್ನು ಕಲಿಯಲು ನಾನು ಮೂರು ಚಳಿಗಾಲಗಳನ್ನು ವ್ಯಯಿಸಿದೆ. 2024ರಲ್ಲಿ, ಹಕ್ಕಿಗಳ ಹೆಸರು ಕುಲಗೋತ್ರಗಳನ್ನು ತೀರ್ಮಾನಿಸುವ ವಿದ್ವಾಂಸರ ಸಮಿತಿಯು ಇವೆರಡೂ ಬೇರೆ ಬೇರೆಯಲ್ಲ, ಒಂದೇ ಪ್ರಭೇದವೆಂದು ಹೇಳಿ ಎರಡನ್ನೂ ಕೂಡಿಸಿಬಿಟ್ಟಿತು. ಅವರ ವಾದದಲ್ಲಿ ಹುರುಳಿದೆ ಎಂದು ನನಗೆ ಗೊತ್ತು. ಆದರೂ ಒಂದು ಬೆಳಿಗ್ಗೆ ಎದ್ದು ನೋಡಿದರೆ ಪಟ್ಟಿ 299ಕ್ಕೆ ಇಳಿದಿತ್ತು. ಬ್ಯಾಂಕಿನವರು ಹೇಳದೆ ಕೇಳದೆ ಖಾತೆಯಿಂದ ಹಣ ಕಡಿತ ಮಾಡಿದಾಗ ಆಗುವ ಸಂಕಟವೇ ಅಂದು ಆಯಿತು. ಆ ಖಾಲಿ ಜಾಗವನ್ನು ಸಾಮಾನ್ಯ ಹಕ್ಕಿಯಿಂದ ತುಂಬಬಾರದು, ಗ್ರೇಟ್ ಗ್ರೇ ಔಲ್ ಎಂಬ ಮಹಾ ಬೂದುಗೂಬೆಯಿಂದಲೇ ತುಂಬಬೇಕೆಂದು ಅಂದೇ ನಿಶ್ಚಯಿಸಿದೆ.

ಈ ಗೂಬೆಯನ್ನು ನೋಡಬೇಕಾದರೆ ಚಳಿಗಾಲದಲ್ಲಿ ಸ್ಯಾಕ್ಸ್-ಜಿಮ್ ಬಾಗ್‌ಗೆ ಹೋಗಬೇಕು. ಡುಲೂತ್ ನಗರದಿಂದ ವಾಯವ್ಯಕ್ಕೆ ಸುಮಾರು ಒಂದು ಗಂಟೆಯ ಹಾದಿ, ಮುನ್ನೂರು ಚದರ ಮೈಲಿಯ ಜೌಗು ನೆಲ. ಮಿನಿಯಾಪೊಲಿಸ್ ಬಳಿಯ ನಮ್ಮ ಮನೆಯಿಂದ ಮೂರು ಗಂಟೆ. ಕಪ್ಪು ಸ್ಪ್ರೂಸ್ ಮರಗಳು, ಸೂಜಿಯೆಲೆಯ ಜಾತಿಯವಾಗಿದ್ದೂ ಚಳಿಗಾಲದಲ್ಲಿ ಎಲೆ ಉದುರಿಸಿ ಸತ್ತಂತೆ ನಿಲ್ಲುವ ಟ್ಯಾಮರಾಕ್ ಮರಗಳು, ನಡುವೆ ಹಿಮ ಹೊದ್ದ ಮಣ್ಣಿನ ರಸ್ತೆಗಳು. ಅಲ್ಲಿಯ ಪಕ್ಷಿಪ್ರಿಯರ ಸ್ವಾಗತ ಕೇಂದ್ರವಿರುವ ರಸ್ತೆಯ ಹೆಸರು ಔಲ್ ಅವೆನ್ಯೂ. ನಮ್ಮೂರಿನ ಯಾವುದಾದರೂ ಬಡಾವಣೆಯಲ್ಲಿ ಒಂದು ರಸ್ತೆಗೆ ಗೂಬೆ ರಸ್ತೆ ಎಂದು ಹೆಸರಿಟ್ಟರೆ ಅಲ್ಲಿ ಬಿಟ್ಟಿ ಕೊಟ್ಟರೂ ಯಾರೂ ಸೈಟು ತೆಗೆದುಕೊಳ್ಳಲಾರರು.

2004–05ರ ಚಳಿಗಾಲದಲ್ಲಿ ಐದು ಸಾವಿರಕ್ಕೂ ಹೆಚ್ಚು ಬೂದುಗೂಬೆಗಳು ಮಿನ್ನೆಸೋಟಕ್ಕೆ ಬಂದಿದ್ದವು. ಉತ್ತರದ ಕಾಡುಗಳಲ್ಲಿ ವೋಲ್ ಎಂಬ ಮೋಟುಬಾಲದ ಇಲಿಗಳ ಸಂಖ್ಯೆ ಕುಸಿದ ವರ್ಷ ಹೀಗೆ ಗೂಬೆಗಳು ಹಿಂಡುಹಿಂಡಾಗಿ ಅನ್ನ ಹುಡುಕಿಕೊಂಡು ದಕ್ಷಿಣಕ್ಕೆ ಇಳಿಯುತ್ತವೆ. ಮಂಗೋಲಿಯಾದ ಕಡೆಯ ಪಟ್ಟೆತಲೆಯ ಹೆಬ್ಬಾತುಗಳು ಚಳಿ ತಪ್ಪಿಸಿಕೊಳ್ಳಲು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವುದು ನನಗೆ ಅರ್ಥವಾಗುತ್ತದೆ. ಮೈನಸ್ ಮೂವತ್ತರ ಈ ಮಿನ್ನೆಸೋಟವನ್ನೇ ದಕ್ಷಿಣವೆಂದು ತಿಳಿದು ಬರುವ ಹಕ್ಕಿಗಳನ್ನು ಕಂಡರೆ ಮಾತ್ರ ನನ್ನ ವಲಸೆಯ ಬಗ್ಗೆಯೂ ಅನುಮಾನ ಶುರುವಾಗುತ್ತದೆ. ಐದು ಸಾವಿರ ಗೂಬೆಗಳು ರಸ್ತೆಬದಿಯ ಕಂಬಕಂಬಗಳ ಮೇಲೆ ಕುಳಿತಿದ್ದ ಆ ಚಳಿಗಾಲದಲ್ಲಿ ನಾನು ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾ, ಹಾಸ್ಟೆಲಿನ ಕಿಟಕಿಯಿಂದ ಕಾಗೆಗಳನ್ನು ನೋಡುತ್ತಿದ್ದೆ.

ಈಗ ಮಾವನವರ ವಿಷಯಕ್ಕೆ ಬರುತ್ತೇನೆ. ಅವರು ತಿಪಟೂರು ಕಡೆಯ ಪ್ರೌಢಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರಾಗಿದ್ದು ನಿವೃತ್ತರಾದವರು. ಅತ್ತೆಯವರು ತೀರಿಕೊಂಡ ಮೇಲೆ ಒಬ್ಬರೇ ಇರುವುದು ಬೇಡವೆಂದು ಮಗಳು ಹಟ ಹಿಡಿದು ಕರೆಸಿಕೊಂಡಿದ್ದಾಳೆ. ಬಂದದ್ದು ಚಳಿಗಾಲಕ್ಕೆ ಸರಿಯಾಯಿತು. ಅವರಲ್ಲಿ ದೋಷವೆಂದು ಹೇಳಬಹುದಾದದ್ದು ಒಂದೇ: ನಿಯಮವನ್ನು ಅಕ್ಷರಶಃ ಪಾಲಿಸುತ್ತಾರೆ. ಅನ್ನ ಬಿಸಿಮಾಡುವ ಡಬ್ಬಿಯ ಮೇಲೆ 'ತೆರೆಯುವ ಮುನ್ನ ಎರಡು ನಿಮಿಷ ಬಿಡಿ' ಎಂದು ಬರೆದಿದ್ದರೆ, ಕೈಗಡಿಯಾರ ನೋಡಿಕೊಂಡು ಅದರ ಮುಂದೆ ಪೂರ್ತಿ ಎರಡು ನಿಮಿಷ ನಿಲ್ಲುತ್ತಾರೆ. ಕಾರಿನಲ್ಲಿ ಪಕ್ಕಕ್ಕೆ ಕೂತರೆ, "ಫಲಕದಲ್ಲಿ ಅರವತ್ತೈದು ಅಂತ ಇದೆ, ನೀವು ಅರವತ್ತೆಂಟರಲ್ಲಿದ್ದೀರಿ" ಎಂದು ಮೆಲ್ಲಗೆ ನೆನಪಿಸುತ್ತಾರೆ. ಇಂಥದನ್ನೆಲ್ಲ ರಾತ್ರಿ ಮಲಗುವ ಮುನ್ನ ಜೇಬಿನ ಡೈರಿಯಲ್ಲಿ ಬರೆದಿಡುತ್ತಾರೆ ಎಂಬ ಸಂಶಯ ನನಗೆ ಮೊದಲಿನಿಂದಲೂ ಇತ್ತು.

ಶನಿವಾರ ಬೆಳಗಿನ ಜಾವ ನಾಲ್ಕು ಗಂಟೆಗೆ ಹೊರಟಾಗ ಅವರೂ ಮಂಕಿ ಟೋಪಿ ಹಾಕಿಕೊಂಡು ಸಿದ್ಧರಾಗಿದ್ದರು. "ಗೂಬೆ ನೋಡಲು ಇಷ್ಟು ದೂರ ಹೋಗಬೇಕೆ ಅಳಿಯಂದಿರೇ? ನಮ್ಮ ಹಿತ್ತಲ ಹುಣಸೆಮರದಲ್ಲೇ ಜೋಡಿ ಇದ್ದವಲ್ಲ" ಎಂದು ಒಮ್ಮೆ ಕೇಳಿ, ನಾನು ಉತ್ತರಿಸದಿದ್ದಾಗ ಕೋಡುಬಳೆಯ ಡಬ್ಬಿ ಹಿಡಿದುಕೊಂಡು ಕಾರು ಹತ್ತಿದರು. ಕಾಟನ್ ಎಂಬ ಊರಿನ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ಅವರಿಗೆ ಮೂರು ನಿಯಮಗಳನ್ನು ಹೇಳಿದೆ. ಒಂದು, ಕಾರಿನಿಂದ ಇಳಿಯಬಾರದು. ಎರಡು, ಕಿಟಕಿ ತೆಗೆಯಬಾರದು. ಮೂರು, ಏನೇ ಆದರೂ ಸದ್ದು ಮಾಡಬಾರದು. ಅವರು ಗಂಭೀರವಾಗಿ ಕೇಳಿಸಿಕೊಂಡು, "ಕೆಮ್ಮು ಬಂದರೆ?" ಎಂದರು. "ತಡೆದುಕೊಳ್ಳಿ" ಎಂದೆ. ಆ ಒಂದು ಮಾತನ್ನು ಆಡಬಾರದಿತ್ತೆಂದು ಈಗ ಅನ್ನಿಸುತ್ತಿದೆ.

ತಾಪಮಾನ ಮೈನಸ್ 29 ಡಿಗ್ರಿ ಸೆಲ್ಸಿಯಸ್ ಇತ್ತು. ಇಲ್ಲಿಯ ಜನರ ಮುಂದೆ ಇದನ್ನು ಚಳಿ ಎಂದರೆ ನಗುತ್ತಾರೆ. ಈ ಜೌಗಿನ ಉತ್ತರಕ್ಕಿರುವ ಟವರ್ ಎಂಬ ಊರಿನಲ್ಲಿ 1996ರ ಫೆಬ್ರವರಿ 2ರಂದು ಮೈನಸ್ 51 ಮುಟ್ಟಿತ್ತೆಂಬುದನ್ನು ಅವರು ತಮ್ಮ ಸ್ವಂತ ಸಾಧನೆಯೆಂಬಂತೆ ಹೇಳಿಕೊಳ್ಳುತ್ತಾರೆ. ಮೊದಲು ನಿಲ್ಲಿಸಿದ್ದು ಹಕ್ಕಿಗಳಿಗೆ ಮೇವು ತೂಗುಹಾಕುವ ಒಂದು ಜಾಗದಲ್ಲಿ. ಹನ್ನೊಂದು-ಹನ್ನೆರಡು ಗ್ರಾಂ ತೂಗುವ ಚಿಕಡಿ ಹಕ್ಕಿಗಳು ಗಿಜಿಗುಟ್ಟುತ್ತಿದ್ದವು. ರಾತ್ರಿಯಿಡೀ ಮೈಬಿಸಿಯನ್ನು ಹತ್ತು ಡಿಗ್ರಿಯಷ್ಟು ಇಳಿಸಿಕೊಂಡು, ಅರೆಜೀವವಾಗಿ ಮಲಗಿ, ಬೆಳಿಗ್ಗೆ ಏನೂ ಆಗದವರಂತೆ ಎದ್ದು ಬರುವ ಆ ಹಕ್ಕಿಗಳನ್ನು ನೋಡಿದರೆ, ಎರಡು ಜೊತೆ ಕಾಲುಚೀಲ ಹಾಕಿಯೂ ನಡುಗುವ ನನಗೆ ಮರ್ಯಾದೆ ಹೋದಂತಾಗುತ್ತದೆ. ಕೊಂಬೆಗೆ ಕಡಲೆಕಾಯಿ ಬೆಣ್ಣೆ ಬಳಿದಿದ್ದರು. ಪಕ್ಕದಲ್ಲಿ ಜಿಂಕೆಯ ಪಕ್ಕೆಲುಬಿನ ಹಂದರವನ್ನೇ ನೇತುಹಾಕಿದ್ದರು. ಅದಕ್ಕಂಟಿದ ಕೊಬ್ಬನ್ನು ಚಿಕಡಿಗಳೂ ಕೆನಡಾ ಜೇ ಎಂಬ ಹಕ್ಕಿಗಳೂ ಕಿತ್ತು ತಿನ್ನುತ್ತಿದ್ದವು. ಈರುಳ್ಳಿಯನ್ನೂ ತಿನ್ನದ ಮಾವನವರು ಕಾರಿನ ಗಾಜಿನೊಳಗಿಂದ ಅದನ್ನು ನೋಡಿ, ಕೋಡುಬಳೆ ಕಡಿಯುವುದನ್ನು ನಿಲ್ಲಿಸಿ, ಮುಖವನ್ನು ಇನ್ನೊಂದು ಕಡೆಗೆ ತಿರುಗಿಸಿದರು. ಮೂರನೆಯ ನಿಯಮದ ಪ್ರಕಾರ ಏನನ್ನೂ ಹೇಳಲಿಲ್ಲ.

ಅಲ್ಲೇ ಫಿರಂಗಿಯಂಥ ಲೆನ್ಸ್ ಹೊತ್ತ ಒಬ್ಬ ಸಜ್ಜನರು ಸಿಕ್ಕಿ, "ಹತ್ತು ನಿಮಿಷ ಮುಂಚೆ ಬಂದಿದ್ದರೆ ಆ ತಿರುವಿನಲ್ಲಿ ಬೂದುಗೂಬೆ ಸಿಗುತ್ತಿತ್ತು" ಎಂದರು. ಪ್ರಪಂಚದ ಯಾವ ಮೂಲೆಗೆ ಹೋದರೂ ಹಕ್ಕಿ ನೋಡುವವರಿಗೆ ಈ ಹತ್ತು ನಿಮಿಷದ ಮನುಷ್ಯ ಸಿಕ್ಕೇ ಸಿಗುತ್ತಾನೆ. ಅವನು ಹಕ್ಕಿ ನೋಡಲು ಬರುತ್ತಾನೋ, ನಮ್ಮ ಮುಖ ನೋಡಲು ಬರುತ್ತಾನೋ ತಿಳಿಯದು.

ಆ ತಿರುವಿನಲ್ಲಿ ಕಾರು ನಿಲ್ಲಿಸಿ, ಬಿಸಿಗಾಳಿಗಾಗಿ ಎಂಜಿನ್ ಚಾಲೂ ಇಟ್ಟು, ಮಾವನವರನ್ನು ಒಳಗೆ ಬಿಟ್ಟು ನಾನೊಬ್ಬನೇ ಇಳಿದು ನಡೆದೆ. ಇನ್ನೂರು ಗಜ ಹೋಗುವುದರಲ್ಲಿ, ದೂರದ ಟ್ಯಾಮರಾಕ್ ಸಾಲಿನಂಚಿನಲ್ಲಿ ಅದು ಕಾಣಿಸಿತು. ಎರಡಡಿಗೂ ಮೀರಿದ ಎತ್ತರ, ಬೂದುಬಣ್ಣ, ಕುತ್ತಿಗೆಯೇ ಇಲ್ಲದ ದುಂಡು ತಲೆ. ನನ್ನ ಎದೆ ಹೊಡೆದುಕೊಂಡ ರಭಸಕ್ಕೆ ಉಸಿರು ಹೆಚ್ಚಾಗಿ, ಆ ಉಸಿರು ಬೈನಾಕ್ಯುಲರಿನ ಗಾಜಿನ ಮೇಲೆ ಕೂತು, ಕೂತಲ್ಲೇ ಹೆಪ್ಪುಗಟ್ಟಿತು. ಉಗುರಿನಿಂದ ಕೆರೆಯೋಣವೆಂದು ಕೈಗವಸು ತೆಗೆದರೆ ಬೆರಳು ಮರಗಟ್ಟಿತು. ರೆಪ್ಪೆಗಳು ಒಂದಕ್ಕೊಂದು ಅಂಟತೊಡಗಿದವು. ಹೀಗೆ ಮುಕ್ಕಾಲು ಕುರುಡನಾಗಿ, ಜಟಕಾ ಕುದುರೆಯ ಕಣ್ಣಪಟ್ಟಿಯಂತೆ ಎರಡೂ ಕಡೆ ಮುಚ್ಚಿದ್ದ ಜಾಕೆಟ್ಟಿನ ಟೋಪಿಯೊಳಗಿಂದ ನೇರ ಮುಂದಕ್ಕೆ ಮಾತ್ರ ನೋಡುತ್ತಾ, ಹನ್ನೊಂದು ನಿಮಿಷ ಅಲುಗಾಡದೆ ನಿಂತೆ. ಗೂಬೆಯೂ ಅಲುಗಾಡಲಿಲ್ಲ. ಅದರ ತಾಳ್ಮೆಯನ್ನು ಮೆಚ್ಚಿದೆ. ನಲವತ್ತಮೂರು ಫೋಟೋ ತೆಗೆದ ಮೇಲೆ ಚಳಿಗೆ ಫೋನಿನ ಬ್ಯಾಟರಿ ಸತ್ತಿತು. ಮನಸ್ಸಿನಲ್ಲೇ 300 ಎಂದು ಬರೆದುಕೊಂಡು, ಸುತ್ತ ಎರಡು ಗೆರೆಯನ್ನೂ ಎಳೆದುಕೊಂಡೆ. ಅಷ್ಟರಲ್ಲಿ ಗಾಳಿ ಬೀಸಿ, ಗೂಬೆಯ ತಲೆಯ ಮೇಲಿನ ಹಿಮ ಜಾರಿ, ಹಿಮದೊಂದಿಗೆ ತಲೆಯೂ ಜಾರಿ ಕೆಳಗೆ ಬಿತ್ತು. ಉಳಿದದ್ದು ಮೋಟುಮರ. ಮಬ್ಬುಗತ್ತಲಲ್ಲಿ ಮೋಟುಮರವನ್ನು ಮನುಷ್ಯನೆಂದು ಭ್ರಮಿಸುವ ದೃಷ್ಟಾಂತವನ್ನು ವೇದಾಂತಿಗಳು ಕೊಡುತ್ತಾರೆ. ಹಾಡುಹಗಲಲ್ಲಿ, ಬೆಲೆಬಾಳುವ ಬೈನಾಕ್ಯುಲರ್ ಹಿಡಿದು ಭ್ರಮಿಸುವವನ ವಿಷಯ ಅವರಿಗೂ ಹೊಳೆದಿರಲಿಕ್ಕಿಲ್ಲ.

ಕಾರಿಗೆ ಮರಳಿ ಬಾಗಿಲು ಹಾಕಿಕೊಂಡಾಗ ಮಾವನವರು ಎಂದಿಗಿಂತ ನೆಟ್ಟಗೆ ಕೂತಿದ್ದರು.

"ಈಗ ಮಾತನಾಡಬಹುದೇ?" ಎಂದು ಕೇಳಿದರು.

"ಆಡಿ ಮಾವ."

"ಅದು ಇಲ್ಲಿಗೆ ಬಂದಿತ್ತು."

ಅವರು ಕೈ ತೋರಿಸಿದ ಕಡೆ, ಅವರ ಕಿಟಕಿಯಿಂದ ಹತ್ತು ಅಡಿ ದೂರದಲ್ಲಿ ಒಂದು ಕಂಬವಿತ್ತು. ನಾನು ಆ ಕಡೆ ಮುಖಮಾಡಿ ಹೋದ ಕೂಡಲೇ ಗೂಬೆ ಬಂದು ಅದರ ಮೇಲೆ ಕೂತಿತಂತೆ. ಹತ್ತು ನಿಮಿಷ ಕೂತಿತ್ತಂತೆ. ಆಮೇಲೆ ಏನನ್ನೋ ಆಲಿಸಿದಂತೆ ಕತ್ತು ಬಗ್ಗಿಸಿ, ದಬಕ್ಕನೆ ಹಿಮದೊಳಗೆ ಬಿದ್ದು, ಇಲಿಯನ್ನು ಹಿಡಿದುಕೊಂಡು ಹೋಯಿತಂತೆ. ನಾನು ನಂಬಲಿಲ್ಲ. ಇಳಿದು ನೋಡಿದೆ. ಮಟ್ಟಸವಾದ ಹಿಮದ ಮೇಲೆ ಮೊಳದಾಳದ ಒಂದು ಗುಳಿ, ಅದರ ಎರಡೂ ಪಕ್ಕಕ್ಕೆ ಬೀಸಣಿಗೆಯಂತೆ ಹರಡಿದ ರೆಕ್ಕೆಯ ಅಚ್ಚು. ಒಂದೊಂದು ಗರಿಯ ಗೆರೆಯೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಬೂದುಗೂಬೆಯ ಎರಡು ಕಿವಿಗಳು ಸಮನಾದ ಎತ್ತರದಲ್ಲಿರುವುದಿಲ್ಲ. ಎಡಬಲದ ಆ ಅಂತರದಿಂದಲೇ ಅದು ಒಂದೂವರೆ ಅಡಿ ಹಿಮದಡಿಯಲ್ಲಿ ಓಡಾಡುವ ಇಲಿ ಎಲ್ಲಿದೆಯೆಂದು ಲೆಕ್ಕಹಾಕುತ್ತದೆ. ನೋಡಲು ಅಷ್ಟು ದೊಡ್ಡದಾದರೂ ತೂಕ ಒಂದು ಕಿಲೋ ಚಿಲ್ಲರೆ, ಉಳಿದದ್ದೆಲ್ಲ ಗರಿ. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದೆ. ಮಾವನವರು ಓದಿರಲಿಲ್ಲ, ನೋಡಿದ್ದರು.

"ನನ್ನನ್ನು ಕೂಗಬಾರದಿತ್ತೇ?"

"ಸದ್ದು ಮಾಡಬಾರದು ಅಂದಿದ್ದಿರಿ."

"ಹಾರ್ನ್ ಒತ್ತಬಹುದಿತ್ತು."

"ಅದೂ ಸದ್ದೇ."

"ಒಂದು ಫೋಟೋನಾದರೂ?"

"ನನ್ನ ಫೋನು ಕ್ಲಿಕ್ ಅನ್ನುತ್ತದೆ, ಅಳಿಯಂದಿರೇ. ಕೆಮ್ಮು ಕೂಡ ಬಂದಿತ್ತು. ತಡೆದುಕೊಂಡೆ."

ಇಂಥ ಮನುಷ್ಯನೊಡನೆ ಏನೆಂದು ಜಗಳವಾಡುವುದು? ಆ ದಿನ ನನ್ನ ಲೆಕ್ಕಕ್ಕೆ ಬಂದದ್ದು ಇಪ್ಪತ್ತೆರಡು ಚಿಕಡಿ, ಎರಡು ಕೆನಡಾ ಜೇ, ಒಂದು ರೇವನ್ ಕಾಗೆ, ಮತ್ತು ನಾಲ್ಕು ರೆಡ್‌ಪೋಲ್. ಆ ನಾಲ್ಕರಲ್ಲಿ ಒಂದು ಬಹಳ ಪೇಲವವಾಗಿತ್ತು. ಈಗ ಅದರಿಂದ ಯಾರಿಗೂ ಉಪಯೋಗವಿಲ್ಲ. ಹಕ್ಕಿ ನೋಡುವವರು ತಮ್ಮ ಲೆಕ್ಕ ಬರೆದಿಡುವ, ಕಾರ್ನೆಲ್ ವಿಶ್ವವಿದ್ಯಾಲಯದವರ ಈಬರ್ಡ್ ಜಾಲತಾಣದಲ್ಲಿ ಹಿಮದ ಮೇಲಿನ ಗುಳಿಯನ್ನು ಹಕ್ಕಿಯೆಂದು ದಾಖಲಿಸಲು ನನಗೆ ಮನಸ್ಸೂ ಬರಲಿಲ್ಲ. ಕಂಡ ಅಥವಾ ದನಿ ಕೇಳಿದ ಹಕ್ಕಿಯನ್ನು ಮಾತ್ರ ಬರೆಯಬೇಕೆಂಬ ನಿಯಮವಿದೆಯೆಂದು ನಾನೇ ಮಾವನವರಿಗೆ ಬೆಳಿಗ್ಗೆ ಬೋಧಿಸಿದ್ದೆ.

ಹಿಂದಿರುಗುವಾಗ ಕತ್ತಲಾಗಿತ್ತು. ಡುಲೂತಿನ ಕಡೆಯ ದೀಪಗಳು ಹಿಂದೆ ಸರಿದ ಮೇಲೆ, ಒಂದು ಗಂಟೆ ಸುಮ್ಮನಿದ್ದ ಮಾವನವರು ತಾವಾಗಿಯೇ ಮಾತು ತೆಗೆದರು. "ಹಳದಿ ಕಣ್ಣು. ಒಂದು ಸಲ ಪೂರ್ತಿ ಕತ್ತು ತಿರುಗಿಸಿ ನನ್ನನ್ನೇ ನೋಡಿತು. ನಾನು ಸಂತೆಯಿಂದ ತಡವಾಗಿ ಬಂದ ದಿನ ನಿಮ್ಮತ್ತೆ ಬಾಗಿಲಲ್ಲಿ ನಿಂತು ಹಾಗೇ ನೋಡುತ್ತಿದ್ದಳು. ಏನೂ ಅನ್ನುತ್ತಿರಲಿಲ್ಲ. ಬರೀ ನೋಡುತ್ತಿದ್ದಳು." ಹೇಳಿ ಮಂಕಿ ಟೋಪಿಯನ್ನು ಸ್ವಲ್ಪ ಕೆಳಗೆಳೆದುಕೊಂಡರು. ಹತ್ತು ನಿಮಿಷ ಅವರು ಉಸಿರು ಬಿಗಿಹಿಡಿದು ಕೂತದ್ದು ನನ್ನ ನಿಯಮಕ್ಕಾಗಿ ಮಾತ್ರ ಆಗಿರಲಿಕ್ಕಿಲ್ಲ ಎಂದು ನನಗೆ ಆಗ ಹೊಳೆಯಿತು. ಕೇಳಲಿಲ್ಲ. ಬಿಸಿಗಾಳಿಯನ್ನು ಅವರ ಕಡೆಗೆ ತಿರುಗಿಸಿದೆ. ವೇಗ ಅರವತ್ತೈದನ್ನು ದಾಟದಂತೆಯೂ ನೋಡಿಕೊಂಡೆ.

ಆದರೆ ಮನೆ ತಲುಪಿ, ಬಿಸಿನೀರಿನಲ್ಲಿ ಕಾಲಿಟ್ಟು, ಬೆರಳುಗಳಿಗೆ ಜೀವ ಬಂದ ಮೇಲೆ ಸಿಟ್ಟಿಗೂ ಜೀವ ಬಂತು. "ನಿನ್ನ ತಂದೆಯವರು ಮನಸ್ಸು ಮಾಡಿದ್ದರೆ ಇವತ್ತು ಮುನ್ನೂರಾಗುತ್ತಿತ್ತು" ಎಂದು ಹೆಂಡತಿಗೆ ಹೇಳಿದೆ. ಅವಳು ಅಡುಗೆಮನೆಯಿಂದಲೇ, "ಸುಮ್ಮನೆ ಅಪ್ಪನ ಮೇಲೆ ಗೂಬೆ ಕೂರಿಸಬೇಡಿ" ಎಂದಳು. ಸೋಫಾದಲ್ಲಿ ಡೈರಿ ಬರೆಯುತ್ತಿದ್ದ ಮಾವನವರು ಕನ್ನಡಕದ ಮೇಲಿಂದ ನೋಡಿ, "ಅದು ಕೂತದ್ದು ಕಂಬದ ಮೇಲೆ" ಎಂದು ತಿದ್ದಿದರು. ಅಂದಿನಿಂದ ನಮ್ಮ ಸಂಭಾಷಣೆ ಹವಾಮಾನಕ್ಕೆ ಸೀಮಿತವಾಗಿದೆ.

ನಾಳಿದ್ದು ಮತ್ತೆ ಹೊರಡುತ್ತಿದ್ದೇವೆ. ಗೂಬೆ ಕಂಡರೆ ಹಾರ್ನ್ ಒತ್ತಬೇಕೆಂಬ ನಾಲ್ಕನೆಯ ನಿಯಮವನ್ನು ಸೇರಿಸಿದ್ದೆ. ಅದು ಮೂರನೆಯದಕ್ಕೆ ವಿರುದ್ಧವಾಗಿದೆ, ಮೊದಲು ಅದನ್ನು ತಿದ್ದುಪಡಿ ಮಾಡಿ ಲಿಖಿತವಾಗಿ ಕೊಡಿ ಎಂದು ಮಾವನವರು ಹೆಂಡತಿಯ ಮೂಲಕ ಹೇಳಿಕಳುಹಿಸಿದ್ದಾರೆ. ಆ ಕಾಗದ ಹುಡುಕುವಾಗಲೇ ಊಟದ ಮೇಜಿನ ಮೇಲೆ ತೆರೆದಿದ್ದ ಅವರ ಡೈರಿ ಕಣ್ಣಿಗೆ ಬಿತ್ತು. ಓದಬಾರದೆಂದು ಗೊತ್ತಿದ್ದೂ ಓದಿದೆ. ದುಂಡಗಿನ ಅಕ್ಷರದಲ್ಲಿ ಹೀಗಿತ್ತು:

"ಶನಿವಾರ. ಚಳಿ ಚೆನ್ನಾಗಿತ್ತು. ಕೋಡುಬಳೆ ಖರ್ಚಾಯಿತು. ಗೂಬೆ ಒಂದು, ಹತ್ತು ನಿಮಿಷ. ಅಳಿಯಂದಿರು ಮೋಟುಮರ ನೋಡಿದರು, ಹನ್ನೊಂದು ನಿಮಿಷ."