ಸ್ಪಷ್ಟನೆ: 'ಸ್ಟ್ರಾಬೆರಿ ಕ್ವಿಕ್' ಮೆಸೇಜ್ ಮುಂದೆ ಕಳಿಸಬೇಡಿ

ಶಾಲೆ ಗೇಟಿನ ಹತ್ತಿರ ಯಾರೋ 'ಸ್ಟ್ರಾಬೆರಿ ಕ್ವಿಕ್' ಎಂಬ ಡ್ರಗ್ಸ್ ಚಾಕೊಲೇಟ್ ಹಂಚುತ್ತಿದ್ದಾರೆ ಎಂಬ ಮೆಸೇಜ್ ವಿಜಯಪುರದ ಪಾಲಕರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಅದು ಸುಳ್ಳು. 2007ರಲ್ಲಿ ಅಮೆರಿಕದಲ್ಲಿ ಹಬ್ಬಿದ ವದಂತಿ ಇದು. ಊರಿನ ಹೆಸರು ಮಾತ್ರ ಬದಲಾಗುತ್ತಾ ಬಂದಿದೆ.

ಸುಳ್ಳಾದರೂ ಮಕ್ಕಳು ಹುಷಾರಾಗಿರ್ತಾರೆ ಅಲ್ವಾ ಎಂದು ಕೆಲವರು ಕೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. ಇಂಥದ್ದನ್ನು ಕೇಳಿದ ಮಗು, ಡ್ರಗ್ಸ್ ಕೊಡುವವನು ಗುರುತಿಲ್ಲದವನು, ಸೇವಿಸುವವನು ಹರಕು ಬಟ್ಟೆಯ ಕೆಟ್ಟವನು ಎಂದುಕೊಳ್ಳುತ್ತದೆ. ಆದರೆ ಮೊದಲ ಸಲ ಕೈಗಿಡುವವರು ಹೆಚ್ಚಾಗಿ ಗೆಳೆಯರೇ. ವಸ್ತುವೂ ಅಂಗಡಿಯಲ್ಲಿ ಸುಲಭವಾಗಿ ಸಿಗುವಂಥದ್ದೇ ಇರಬಹುದು. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿದ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ವೈಟ್ನರ್, ಪಂಕ್ಚರ್ ಸಲ್ಯೂಷನ್‌ನಂಥವನ್ನು ಮೂಸುವ ಚಟ ದೊಡ್ಡವರಲ್ಲಿ ಶೇ 0.58, 10ರಿಂದ 17 ವರ್ಷದವರಲ್ಲಿ ಶೇ 1.17. ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ ಕಂಡದ್ದು ಈ ಒಂದು ಚಟ ಮಾತ್ರ. ಪಕ್ಕದ ಬೆಂಚಿನ ಹುಡುಗನೇ ಇದಕ್ಕೆ ಸಿಕ್ಕಿಕೊಂಡಿದ್ದರೆ? ಕೆಟ್ಟವನೆಂಬ ಹೆಸರಿಗೆ ಹೆದರಿ ಅವನು ಬಾಯೇ ಬಿಡುವುದಿಲ್ಲ. ಅವನಿಗೆ ಬೇಕಾದದ್ದು ಚಿಕಿತ್ಸೆ.

ದಯವಿಟ್ಟು ಆ ಮೆಸೇಜ್ ನಿಮ್ಮಲ್ಲೇ ನಿಲ್ಲಿಸಿ, ಸುಮ್ನೆ ಫಾರ್ವರ್ಡ್ ಮಾಡಬೇಡಿ. ಅದರ ಬದಲು 14446 ಸಂಖ್ಯೆ ಹಂಚಿ. ಅದು ಕೇಂದ್ರದ ಉಚಿತ ವ್ಯಸನಮುಕ್ತಿ ಸಹಾಯವಾಣಿ.